ಹಸಿ ಕಟ್ಟಿಗೆಯ ತೂಕ

ತಕ್ಕಡಿಯು ಸುಳ್ಳಾಡದಿದ್ದರೂ ವ್ಯಾಪಾರವು ಸುಳ್ಳಾಗಬಹುದೇ? ಘಟಪ್ರಭೆಯ ಒಡ್ಡಿನಿಂದ ಹೆಸರಾದ ಧುಪದಾಳದ ಸೀಮೆಯಲ್ಲಿ ಒಲೆ ಹೊತ್ತಿಸುವ ಪ್ರತಿಯೊಂದು ಮನೆಯೂ ಈ ಪ್ರಶ್ನೆಯನ್ನು ಎದುರಿಸಿರುತ್ತದೆ.

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ. ಅಂಥ 100 ಕಿಲೋ ಕಟ್ಟಿಗೆಯು, ಐದರಲ್ಲೊಂದು ಪಾಲು ಮಾತ್ರ ನೀರುಳಿಯುವಷ್ಟು ಒಣಗಿದಾಗ, 62 ಕಿಲೋದ ಸುಮಾರಿಗೆ ಇಳಿಯುತ್ತದೆ. ಮಿಕ್ಕುದಕ್ಕೆ ತೆತ್ತ ಹಣವು ನೀರಿಗೆ ತೆತ್ತುದೇ. ಹಾಗೆಯೇ ಉರಿಸಿದರೆ ಆ ನೀರನ್ನು ಆವಿಯಾಗಿಸುವುದರಲ್ಲಿಯೇ ಬೆಂಕಿಯ ಬಲವು ವೆಚ್ಚವಾಗಿ, ಅಡಿಗೆಯವಳ ಪಾಲಿಗೆ ಹೊಗೆಯು ಉಳಿಯುವುದು.

ಮಾರುವವನು ಏನನ್ನೂ ಮುಚ್ಚಿಡಲಿಲ್ಲ, ನಿಜ. ಒಣಗಿದ ಕೊರಡು ತುದಿಯಲ್ಲಿ ಬಿರಿದಿರುವುದೆಂದೂ, ಒಂದಕ್ಕೊಂದು ಬಡಿದರೆ ಟಣ್ಣೆನ್ನುವುದೆಂದೂ ಬಲ್ಲವನು ಮೋಸಹೋಗನು. ಆದರೆ ಅರಿಯದವನಿಂದ ಒಣಗಿದುದರ ಬೆಲೆಯನ್ನು ಮೌನವಾಗಿ ಎಣಿಸಿಕೊಳ್ಳುವುದು ವಂಚನೆಯೇ ಸರಿ.

ಅಷ್ಟಕ್ಕೆ ತೀರ್ಪು ಮುಗಿಯದು. ನುಗ್ಗೆಯಂಥ ಹಗುರ ಕಟ್ಟಿಗೆ ಬೇಗ ಒಣಗಿ ಹುಲ್ಲಿನಂತೆ ಉರಿದುಹೋಗುವುದು. ಕೆಂಡಕ್ಕೆ ಹೆಸರಾದ ಜಾಲಿಯನ್ನಾದರೋ ಸೀಳಿ, ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಗಾಳಿಯಾಡುವ ಹಾಗೆ ಒಟ್ಟಿ, ತಿಂಗಳುಗಟ್ಟಲೆ ಕಾಯಬೇಕು. ತಲೆಹೊರೆಯನ್ನು ಮಾರಿ ಅಂದಿನ ಜೋಳವನ್ನು ಕೊಳ್ಳುವವಳಿಗೆ ಅಂಥ ಹಿತ್ತಿಲೆಲ್ಲಿ, ಅಷ್ಟು ಕಾಲವೆಲ್ಲಿ? ಅವಳ ಹೊರೆ ಹಸಿಯೆಂದು ಜರೆಯುವ ಗೃಹಸ್ಥರಿಗೆ ಇವೆರಡೂ ಉಂಟು. ಅವರು ಚಳಿಗಾಲದಲ್ಲಿಯೇ ಅದನ್ನು ಹಸಿಯೆಂದು ತಿಳಿದೇ, ಹಸಿಯ ನ್ಯಾಯವಾದ ಬೆಲೆಗೆ ಕೊಂಡು, ಬೇಸಿಗೆಯ ಬಿಸಿಲಿಗೆ ಒಪ್ಪಿಸಿದರೆ, ಮಳೆ ಹಿಡಿದ ಮೇಲೆ ಒಣಹೊರೆಗಾಗಿ ಅವಳೊಡನೆ ವಾಗ್ವಾದ ಮಾಡುವ ಕಾರಣವೇ ಇರದು.