ನಮ್ಮವರೂ ಪರದೇಶಿಗಳೂ

ಹಳ್ಳಿಯ ಸಭೆಗಳಲ್ಲಿ ಹೆಂಗಸರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಯಲ್ಲಿ ತೆಗೆದಿಡುವ ಪದ್ಧತಿಯನ್ನು ಪ್ರಿಯ ವಾಚಕರು ಬಲ್ಲರು. ಜೋಳದ ಸೀಮೆಯಲ್ಲಿ ಅದು ಜೋಳವಾಗಿರುವದು, ರಾಗಿಯ ಸೀಮೆಯಲ್ಲಿ ರಾಗಿಯಾಗಿರುವದು. ಗಡಿಗೆ ತುಂಬುವ ತನಕ ಜಗಳವಿಲ್ಲ. ತುಂಬಿದ ಮೇಲೆ ಅದು ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆ ಹುಟ್ಟುತ್ತದೆ. ಮೊದಲು ನಮ್ಮ ಸಭೆಯ ವಿಧವೆಯರಿಗೆ ಕೊಡೋಣ, ಮನೆಗೆ ಮಾರಿ ಊರಿಗೆ ಉಪಕಾರಿ ಆಗಬಾರದು ಎಂದು ಒಬ್ಬರು ಹೇಳುವರು. ನಮ್ಮವರಿಗೇ ಕೊಟ್ಟುಕೊಂಡರೆ ಅದು ದಾನವೋ, ಬಲಗೈಯಿಂದ ಎಡಗೈಗೆ ಹಾಕಿಕೊಂಡದ್ದಲ್ಲವೋ ಎಂದು ಮತ್ತೊಬ್ಬರು ಕೇಳುವರು. ಎರಡು ಮಾತಿನಲ್ಲಿಯೂ ಸತ್ಯವುಂಟು. ಆದರೆ ಎರಡೂ ಸರಿಯೆಂದು ಹೇಳಿ ಎದ್ದುಹೋಗುವದು ಸೋಮಾರಿಯ ತೀರ್ಪು. ನಮ್ಮೂರಿನ ಗಡಿಗೆಯ ಮುಂದೆ ಕೂತು ಇದನ್ನು ವಿಚಾರಿಸಿದರೆ ಒಬ್ಬೊಬ್ಬರ ಮುಖ ನೋಡಿ ಮಾತಾಡಬೇಕಾಗುವದು. ಆದಕಾರಣ ದೂರದ ಅಮೇರಿಕಾ ದೇಶದಲ್ಲಿ ಗ್ರೀಕ್ ವಂಶದ ಸ್ತ್ರೀಯರು ನಡಿಸಿಕೊಂಡು ಬಂದ ಧರ್ಮಕಾರ್ಯವನ್ನು ಎದುರಿಗಿಟ್ಟುಕೊಂಡು ವಿಚಾರಿಸೋಣ.

ಗ್ರೀಕರ ದೇಶದ ಹೆಸರು ನಮಗೆ ಹೊಸದಲ್ಲ. ಫಿಲಿಪ್ಪಿ, ಥೆಸಲೋನಿಕ, ಕೊರಿಂಥ ಎಂಬ ಊರುಗಳನ್ನು ಪೌಲನ ಪತ್ರಿಕೆಗಳ ಮೂಲಕ ನಮ್ಮ ಮಕ್ಕಳು ಸಹ ಬಲ್ಲರು. ಆ ದೇಶದ ಹೊಲಗಳು ಕಲ್ಲುನೆಲ, ಬಡತನ ಬಹಳ. ಆದದರಿಂದ 1890ರಿಂದ 1920ರ ವರೆಗೆ ಅಲ್ಲಿಂದ ಲಕ್ಷಾಂತರ ಜನರು ಅಮೇರಿಕಾಕ್ಕೆ ಹಡಗು ಹತ್ತಿದರು. ಹೋದವರಲ್ಲಿ ಹೆಚ್ಚಿನವರು ಗಂಡಸರು. ರೈಲುಹಾದಿ ಹಾಕುವದು, ಗಣಿಯಲ್ಲಿ ಅಗೆಯುವದು, ಬೀದಿಯಲ್ಲಿ ಬೂಟು ಒರಸುವದು, ಇವೇ ಅವರಿಗೆ ಸಿಕ್ಕಿದ ಕೆಲಸಗಳು. ಊರವರು ಅವರನ್ನು ಪ್ರೀತಿಯಿಂದ ಕಾಣಲಿಲ್ಲ. 1909ರಲ್ಲಿ ನೆಬ್ರಾಸ್ಕಾ ಸಂಸ್ಥಾನದ ದಕ್ಷಿಣ ಓಮಹಾ ಪಟ್ಟಣದಲ್ಲಿ ಜನರು ಗುಂಪುಕೂಡಿ ಗ್ರೀಕರ ಕೇರಿಯ ಮೇಲೆ ಬಿದ್ದು ಅವರ ಮನೆ ಅಂಗಡಿಗಳನ್ನು ಹಾಳುಮಾಡಿ ಅವರನ್ನು ಓಡಿಸಿಬಿಟ್ಟರು. ಮುಸುಕು ಹಾಕಿಕೊಂಡು ತಿರುಗುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಸಂಘದ ಉಪದ್ರವವನ್ನು ಎದುರಿಸುವದಕ್ಕಾಗಿ 1922ರಲ್ಲಿ ಅಟ್ಲಾಂಟಾ ಪಟ್ಟಣದಲ್ಲಿ ಗ್ರೀಕ್ ಗಂಡಸರು ‘ಅಹೆಪಾ’ ಎಂಬ ಸಂಘವನ್ನು ಕಟ್ಟಿಕೊಂಡರು. 1924ರ ಕಾನೂನು ಗ್ರೀಸಿನಿಂದ ವರ್ಷಕ್ಕೆ 100 ಮಂದಿಗಿಂತ ಹೆಚ್ಚು ಬರಕೂಡದೆಂದು ಗೊತ್ತುಮಾಡಿತು. ಕೇರಿಯ ಹೊರಗೆ ನಿಲ್ಲುವದೆಂದರೇನೆಂದು ಅನುಭವದಿಂದ ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಂಡಸರ ಹಿಂದೆ ಹೆಂಗಸರು ಬಂದರು. ಅವರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷು ಬಾರದು. ಗಂಡನು ಗಣಿಯಲ್ಲಿ ಸತ್ತರೆ ಯಾರನ್ನು ಕೇಳಬೇಕು, ಕೂಸಿಗೆ ಜ್ವರ ಬಂದರೆ ವೈದ್ಯನಿಗೆ ಏನು ಹೇಳಬೇಕು? ಆಗ ಆಯಾ ಊರಿನ ಗ್ರೀಕ್ ಸಭೆಗಳಲ್ಲಿ ಹೆಂಗಸರೇ ಕೂಡಿ ಚಿಕ್ಕ ಚಿಕ್ಕ ಸಮಾಜಗಳನ್ನು ಮಾಡಿಕೊಂಡರು. 1931ರಲ್ಲಿ ಆರ್ಚ್‌ಬಿಷಪ್ ಅಥೆನಾಗೊರಸರು ಇವುಗಳನ್ನು ಒಂದುಗೂಡಿಸಿ ‘ಫಿಲೊಪ್ಟೊಖೊಸ್’ ಎಂಬ ಸ್ತ್ರೀಸಮಾಜವನ್ನು ಸ್ಥಾಪಿಸಿದರು. ಈ ಹೆಸರನ್ನು ಬಿಡಿಸಿ ನೋಡುವದು ಲಾಭಕರ. ಫಿಲೊಸ್ ಅಂದರೆ ಸ್ನೇಹಿತನು. ಪ್ಟೊಖೊಸ್ ಅಂದರೆ ಏನೂ ಇಲ್ಲದ ಬಡವನು. ಐಶ್ವರ್ಯವಂತನ ಬಾಗಲಲ್ಲಿ ಬಿದ್ದಿದ್ದ ಲಾಜರನನ್ನು ಕುರಿತು ಲೂಕನು ಉಪಯೋಗಿಸಿದ ಮಾತು ಇದೇ. ಬಡವರಿಗೆ ದಾನಿಯೆಂದಲ್ಲ, ಬಡವರಿಗೆ ಸ್ನೇಹಿತಳೆಂದು ಆ ಹೆಂಗಸರು ಕರೆಯಿಸಿಕೊಂಡರು. ದಾನಿಯು ಬಾಗಲಲ್ಲಿ ನಿಂತು ಕೊಟ್ಟು ಹೋಗಬಹುದು. ಸ್ನೇಹಿತಳು ಒಳಗೆ ಬಂದು ಕೂತುಕೊಳ್ಳಬೇಕು.

1940ರ ಅಕ್ಟೋಬರ 28ರಂದು ಇಟಲಿಯವರು ಗ್ರೀಸಿನ ಮೇಲೆ ದಂಡೆತ್ತಿ ಬಂದರು. ಮುಂದಿನ ವರ್ಷ ಜರ್ಮನರು ಬಂದು ದೇಶವನ್ನೇ ಹಿಡಿದರು. 1941-42ರ ಚಳಿಗಾಲದಲ್ಲಿ ಅಥೇನೆ ಪಟ್ಟಣದ ಬೀದಿಗಳಲ್ಲಿ ಜನರು ಹಸಿವೆಯಿಂದ ಬಿದ್ದು ಸತ್ತರು. ಅಮೇರಿಕಾದ ಗ್ರೀಕರು ಹಣ ಕೂಡಿಸಿದರು. ಹೆಂಗಸರು ಬಟ್ಟೆ ಹೊಲಿದರು, ಉಣ್ಣೆಯ ಅಂಗಿ ಹೆಣೆದರು. 1942ರಲ್ಲಿ ಸ್ವೀಡನ್ ದೇಶದ ಹಡಗುಗಳು ಕೆನಡಾದ ಗೋಧಿಯನ್ನು ಹೊತ್ತುಕೊಂಡು ಹೋಗುವಂತಾಯಿತು. ಯೊಪ್ಪದಲ್ಲಿ ವಿಧವೆಯರಿಗೆ ಅಂಗಿಗಳನ್ನು ಹೊಲಿದುಕೊಟ್ಟ ದೊರ್ಕಳನ್ನು ನಾವು ಬಲ್ಲೆವು. ಅವಳ ಆ ಹೆಸರೂ ಗ್ರೀಕಿನದೇ. ತರುವಾಯ 1944ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗ್ಯಾರಿಸನ್ ಎಂಬ ಊರಿನಲ್ಲಿ, ಹಡ್ಸನ್ ನದಿಯ ದಡದಲ್ಲಿ, ಅನಾಥಮಕ್ಕಳಿಗಾಗಿ ಸಂತ ಬಸೀಲನ ಹೆಸರಿನಲ್ಲಿ ಒಂದು ಮನೆ ತೆರೆಯಲ್ಪಟ್ಟಿತು. ಅದನ್ನು ಸಾಕುವ ಭಾರವನ್ನು ಫಿಲೊಪ್ಟೊಖೊಸ್ ಸಮಾಜವು ಹೊತ್ತುಕೊಂಡಿತು. ಹೊಸ ವರುಷದ ಹಬ್ಬದಲ್ಲಿ ಒಳಗೆ ಒಂದು ನಾಣ್ಯವನ್ನಿಟ್ಟು ಸುಟ್ಟ ರೊಟ್ಟಿಯನ್ನು ಕೊಯ್ದು ಹಂಚಿ, ಆಗ ಕೂಡಿದ ಕಾಣಿಕೆಯನ್ನು ಆ ಮಕ್ಕಳಿಗೆ ಕಳುಹಿಸುವದು ಅವರ ವಾಡಿಕೆಯಾಯಿತು. ಈ ರೊಟ್ಟಿಯ ವಿಷಯವಾಗಿ ಒಂದು ಐತಿಹ್ಯ ಉಂಟು. ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪನಾಗಿದ್ದ ಬಸೀಲನ ಕಾಲದಲ್ಲಿ ತೆರಿಗೆಗಾಗಿ ಜನರು ತಮ್ಮ ಒಡವೆಗಳನ್ನು ಒಟ್ಟುಮಾಡಿದರಂತೆ, ತೆರಿಗೆ ತಪ್ಪಿತು, ಯಾರ ಒಡವೆ ಯಾವದೆಂದು ತಿಳಿಯದೆ ಅವನು ಅವುಗಳನ್ನು ರೊಟ್ಟಿಗಳೊಳಗಿಟ್ಟು ಹಂಚಿಸಿದನಂತೆ. ಕಥೆ ಹೇಗಿದ್ದರೂ, ಊರಿನ ಹೊರಗೆ ರೋಗಿಗಳಿಗೂ ದಿಕ್ಕಿಲ್ಲದವರಿಗೂ ಅವನು ದೊಡ್ಡ ಆಶ್ರಯವನ್ನು ಕಟ್ಟಿಸಿದ್ದು ಚರಿತ್ರೆಯ ಸಂಗತಿ.

ಇಷ್ಟರ ವರೆಗೆ ಹೇಳಿದ್ದೆಲ್ಲಾ ತಮ್ಮವರಿಗೆ ಮಾಡಿದ ಉಪಕಾರವೇ. ಇದನ್ನು ಸ್ವಾರ್ಥವೆಂದು ತಳ್ಳಬಹುದೋ? ನಾವು ಹಾಗೆ ಹೇಳಲಾರೆವು. ಯಾರೂ ಕೇಳದ ಭಾಷೆಯಲ್ಲಿ ಅಳುವ ವಿಧವೆಯ ಅಳು, ಆ ಭಾಷೆ ಬಲ್ಲವಳಿಗೆ ಮೊದಲು ಕೇಳಿಸುವದು. ಮೊದಲು ಕೇಳಿದವಳು ಮೊದಲು ಏಳಬೇಕು. ಯೆರೂಸಲೇಮಿನ ಸಭೆಯಲ್ಲಿಯೂ ಹೀಗೆಯೇ ಆಯಿತು. ಗ್ರೀಕ್ ಮಾತಾಡುವ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಮರೆಯಲ್ಪಟ್ಟಾಗ ಅವರ ಪರವಾಗಿ ಗುಣುಗುಟ್ಟಿದವರು ಅವರ ಭಾಷೆಯವರೇ. ಅಪೊಸ್ತಲರು ಅವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಗೆ ಹೇಳಿದರು. ಆ ಏಳು ಹೆಸರುಗಳನ್ನು ಓದಿ ನೋಡಿರಿ, ಸ್ತೆಫನನಿಂದ ನಿಕೊಲಾಯನ ವರೆಗೆ ಎಲ್ಲವೂ ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಕೈಗೇ ಉಗ್ರಾಣದ ಬೀಗದ ಕೈ ಬಂತು. ಅಂದಿನಿಂದ ಅವರು ತಮ್ಮ ವಿಧವೆಯರಿಗೆ ಮಾತ್ರವಲ್ಲ, ಎಲ್ಲರ ವಿಧವೆಯರಿಗೂ ಬಡಿಸಬೇಕಾಯಿತು. ತಮ್ಮವರಿಗಾಗಿ ಎದ್ದವರು ಎಲ್ಲರಿಗಾಗಿ ನಿಲ್ಲಬೇಕಾದದ್ದು ಹೀಗೆ.

ಎಷ್ಟೋ ಸಾರಿ ತಮ್ಮವರಿಗೆಂದು ಮಾಡಿದ್ದು ತಾನಾಗಿಯೇ ಬೇಲಿಯನ್ನು ದಾಟಿಬಿಡುವದು. 1925ರಲ್ಲಿ ಡೆಟ್ರಾಯಿಟ್ ಪಟ್ಟಣದ ಕೂಲಿ ಎಂಬ ಮಕ್ಕಳ ವೈದ್ಯನು ಇಟಲಿ ಮತ್ತು ಗ್ರೀಸ್ ಮೂಲದ ಮಕ್ಕಳಲ್ಲಿ ರಕ್ತವು ಬತ್ತಿಹೋಗುವ ಒಂದು ರೋಗವನ್ನು ಕಂಡು ವಿವರಿಸಿದನು. ತಂದೆತಾಯಿಗಳಿಂದ ಬರುವ ಈ ರೋಗಕ್ಕೆ ಥಲಸ್ಸೀಮಿಯ ಎಂದು ಹೆಸರು. ರೋಗವು ಕಠಿಣವಾಗಿದ್ದರೆ ಮಗುವಿಗೆ ಆಗಾಗ ಬೇರೆಯವರ ರಕ್ತವನ್ನು ಏರಿಸಬೇಕಾಗುವದು. ತಮ್ಮ ವಂಶದ ರೋಗವೆಂದು ಗ್ರೀಕ್ ಸ್ತ್ರೀಯರು ಅದರ ಸಂಶೋಧನೆಗಾಗಿ ಹಣ ಕೂಡಿಸುತ್ತಾ ಬಂದರು. ಆದರೆ ಅದೇ ರೋಗವು ನಮ್ಮ ದೇಶದಲ್ಲಿಯೂ ಸಾವಿರಾರು ಮಕ್ಕಳಿಗುಂಟು. ಆ ಸಂಶೋಧನೆಯಿಂದ ದೊರೆತ ತಿಳುವಳಿಕೆಯು, ಇದು ಗ್ರೀಕನ ರಕ್ತವೋ ಹಿಂದುಸ್ಥಾನದವನ ರಕ್ತವೋ ಎಂದು ಕೇಳುವದಿಲ್ಲ.

ಇನ್ನು ತಿಳಿದೂ ತಿಳಿದೇ ಬೇಲಿ ದಾಟಿದವರ ಸಂಗತಿಗೆ ಬರೋಣ. 1929ರ ನವೆಂಬರ 16ರಂದು ಸಾನ್ ಫ್ರಾನ್ಸಿಸ್ಕೊ ಪಟ್ಟಣದಲ್ಲಿ ಅಲೆಕ್ಸಾಂಡ್ರಾ ಅಪೊಸ್ಟೊಲಿಡೆಸ್ ಸೋನನ್‌ಫೆಲ್ಡ್ ಎಂಬಾಕೆ ‘ಪೆನೆಲೋಪಳ ಕುಮಾರಿಯರು’ ಎಂಬ ಸ್ತ್ರೀಸಂಘವನ್ನು ಪ್ರಾರಂಭಿಸಿದರು. ಅದರ ಮೊದಲನೆಯ ಶಾಖೆಗೆ ಅರುಣೋದಯವೆಂಬ ಅರ್ಥದ ‘ಈಯೊಸ್’ ಎಂದು ಹೆಸರಿಟ್ಟರು. ಪೆನೆಲೋಪಳು ಗ್ರೀಕರ ಪುರಾತನ ಕಥೆಯ ಪತಿವ್ರತೆ. ಯುದ್ಧಕ್ಕೆ ಹೋದ ಗಂಡನು ಇಪ್ಪತ್ತು ವರುಷ ಬಾರದಿರಲು, ಅವಳನ್ನು ಮದುವೆಯಾಗಬೇಕೆಂದು ಬಂದವರು ಮನೆಯಲ್ಲಿಯೇ ಬೀಡುಬಿಟ್ಟು ತಿಂದು ಕುಡಿದರು. ಮಾವನಿಗೆ ಹೊದಿಸಬೇಕಾದ ವಸ್ತ್ರವನ್ನು ನೇಯ್ದು ಮುಗಿಸಿದ ಮೇಲೆ ಉತ್ತರ ಕೊಡುವೆನೆಂದು ಹೇಳಿ, ಹಗಲಲ್ಲಿ ನೇಯ್ದದ್ದನ್ನು ರಾತ್ರಿಯಲ್ಲಿ ಬಿಚ್ಚುತ್ತಾ ಮೂರು ವರುಷ ಕಳೆದಳು. ಎಲ್ಲರೂ ಹೇಳುವ ಕಥೆ ಇದು. ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಭಾಗ. ಕಡೆಯಲ್ಲಿ ಚಿಂದಿಯುಟ್ಟ ಒಬ್ಬ ಭಿಕ್ಷುಕನು ಆ ಮನೆಗೆ ಬಂದನು. ಬೀಡುಬಿಟ್ಟವರು ಅವನ ಮೇಲೆ ಕಾಲುಮಣೆ ಎಸೆದರು. ಪೆನೆಲೋಪಳು ಅವನ ಕಾಲು ತೊಳೆಯಿರಿ, ಹಾಸಿಗೆ ಹಾಸಿರಿ ಎಂದು ದಾಸಿಯರಿಗೆ ಅಪ್ಪಣೆಕೊಟ್ಟಳು. ಅವನೇ ತನ್ನ ಗಂಡನೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ಗ್ರೀಕ್ ಭಾಷೆಯಲ್ಲಿ ‘ಕ್ಸೆನೊಸ್’ ಎಂಬ ಒಂದೇ ಮಾತಿಗೆ ಪರದೇಶಿಯೆಂದೂ ಅತಿಥಿಯೆಂದೂ ಎರಡರ್ಥಗಳುಂಟು. ಕಡೇ ದಿನದ ನ್ಯಾಯತೀರ್ಪನ್ನು ಕುರಿತು ಮತ್ತಾಯನು ಬರೆದ ಭಾಗದಲ್ಲಿರುವ ಮಾತೂ ಅದೇ. ನಮ್ಮ ಕನ್ನಡದಲ್ಲಿಯಾದರೋ ಪರದೇಶಿಯೆಂಬ ಮಾತಿಗೆ ಬೇರೆ ದೇಶದವನೆಂದು ಮಾತ್ರವಲ್ಲ, ದಿಕ್ಕಿಲ್ಲದವನೆಂದೂ ಅರ್ಥ. ಅಜ್ಜಿಯರು ತಾಯಿಸತ್ತ ಕೂಸನ್ನು ಎತ್ತಿಕೊಂಡು ಪರದೇಶಿ ಮಗು ಎನ್ನುವದಿಲ್ಲವೇ? ಆ ಕೂಸು ಊರು ಬಿಟ್ಟದ್ದಿಲ್ಲ.

1979ರಲ್ಲಿ ಈ ಸಂಘದ ಸ್ತ್ರೀಯರು ಅಲಬಾಮ ಸಂಸ್ಥಾನದ ಮೊಬೀಲ್ ಎಂಬ ಬಂದರು ಪಟ್ಟಣದಲ್ಲಿ ಒಂದು ಮನೆಯನ್ನು ತೆರೆಯಿಸಿದರು. ಅದಕ್ಕೆ ಪೆನೆಲೋಪಳ ಮನೆ ಎಂದು ಹೆಸರು. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದ ಹೆಂಗಸರಿಗೆ ಆಶ್ರಯ ಕೊಡುವದು ಅದರ ಕೆಲಸ. ಅಲಬಾಮ ಸಂಸ್ಥಾನದಲ್ಲಿ ಇಂಥದು ಅದಕ್ಕೆ ಮುಂಚೆ ಇರಲಿಲ್ಲ. ಲಂಡನಿನ ಚಿಜ಼ಿಕ್ ಎಂಬಲ್ಲಿ 1971ರಲ್ಲಿ ಇಂಥದೊಂದು ಮನೆ ತೆರೆದು ಇನ್ನೂ ಎಂಟೇ ವರುಷಗಳಾಗಿದ್ದವು. ಆಶ್ರಯಕ್ಕೆ ಬರುವವಳು ಗ್ರೀಕಳಾಗಿರಬೇಕೆಂಬ ಕಟ್ಟಳೆ ಇರಲಿಲ್ಲ. ಮನೆಯಲ್ಲಿದ್ದು ಗಂಡನಿಗಾಗಿ ಕಾದವಳ ಹೆಸರಿನ ಸಂಘವು, ಗಂಡನ ದೆಸೆಯಿಂದ ಮನೆಯಲ್ಲಿರಲಾರದವಳಿಗೆ ಬಾಗಲು ತೆರೆಯಿತು.

ಇದರಲ್ಲಿ ವಿಚಾರಿಸತಕ್ಕದ್ದು ಏನೆಂದರೆ, ತಮ್ಮವರ ಮೇಲಣ ಪ್ರೀತಿಯು ಎಲ್ಲಿ ಕೆಡುತ್ತದೆ? ಹೊರಗಿನವನಿಗೆ ಅಕ್ಕಿ ಕೊಡದಿರುವಲ್ಲಿ ಕೆಡುತ್ತದೆಂದು ನಾವು ಎಣಿಸಿದ್ದೆವು. ಈಗ ಬೇರೆ ತೋರುತ್ತದೆ. ಲೋಕವು ಹೀನವಾಗಿ ಕಾಣುವ ಚಿಕ್ಕ ಜನಾಂಗವು ತನ್ನ ಮಾನವನ್ನು ಕಣ್ಣಿನ ಗುಡ್ಡೆಯಂತೆ ಕಾಯುತ್ತದೆ. ನಮ್ಮವರಲ್ಲಿ ಕುಡುಕರಿಲ್ಲ, ನಮ್ಮವರು ಹೆಂಡಿರನ್ನು ಹೊಡೆಯುವದಿಲ್ಲ ಎಂದು ಹೊರಗಿನವರ ಮುಂದೆ ಹೇಳಿ ಹೇಳಿ, ಕಡೆಗೆ ಹೊಡೆಸಿಕೊಂಡವಳ ಬಾಯನ್ನು ಮುಚ್ಚಿಸುತ್ತದೆ. ಆಗ ನಮ್ಮವರು ಎಂಬ ಮಾತು ಅವಳ ಗಂಡನನ್ನು ಒಳಗೆ ಸೇರಿಸಿಕೊಂಡು ಅವಳನ್ನು ಹೊರಗೆ ಬಿಡುತ್ತದೆ. ಸ್ವಂತ ಮನೆಯಲ್ಲಿದ್ದರೂ ಅವಳು ಪರದೇಶಿ. ಆದದರಿಂದ ಮೊದಲು ನಮ್ಮವರಿಗೋ ಪರದೇಶಿಗೋ ಎಂದು ಜಗಳವಾಡುವ ಮೊದಲು, ನಮ್ಮವರಲ್ಲಿ ಪರದೇಶಿಗಳಾಗಿರುವವರು ಯಾರೆಂದು ಎಣಿಸಬೇಕಾಗಿದೆ. ಮೊಬೀಲಿನ ಮನೆಯಲ್ಲಿ ಆ ಎರಡು ಪ್ರಶ್ನೆಗಳೂ ಒಂದಾದವು. ಯಾಕಂದರೆ ಯಾರ ವಂಶದವಳಾದರೂ ಬರಬಹುದಾದ ಮನೆಗೆ ತಮ್ಮ ವಂಶದವಳೂ ಬರಬಹುದು.

ಮನೆ ಒಡೆಯುವ ಕೆಲಸವಿದು, ಮದುವೆ ಪವಿತ್ರವಲ್ಲವೇ ಎಂದು ಹಿರಿಯರು ಕೇಳಬಹುದು. ಪವಿತ್ರವೇ ಸರಿ. ಆದರೆ ಮನೆಯನ್ನು ಒಡೆದದ್ದು ಹೊಡೆದ ಕೈಯೋ, ರಾತ್ರಿಯಲ್ಲಿ ಬಾಗಲು ತೆರೆದ ಕೈಯೋ?

ನಾವೂ ಆ ಹಿರಿಯರಲ್ಲಿ ಒಬ್ಬರಾಗಿದ್ದೆವು. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯ ಸಭೆಯಲ್ಲಿ ಒಬ್ಬಾಕೆ ಊದಿದ ಮೋರೆಯಿಂದ ನಮ್ಮ ಬಾಗಲಿಗೆ ಬಂದಳು. ಅವಳ ಗಂಡನು ಸಭೆಯಲ್ಲಿ ಗೌರವವುಳ್ಳವನು. ಅವನ ಸ್ವರ ಕೇಳಿದರೆ ಹಾಡು ತಪ್ಪಿದವರೂ ಸರಿಯಾಗಿ ಹಾಡುವರು. ತಾಳಿಕೊಳ್ಳಮ್ಮಾ, ಊರವರು ನಗುವರು ಎಂದು ಹೇಳಿ, ಪ್ರಾರ್ಥನೆ ಮಾಡಿ, ಅವಳನ್ನು ಹಿಂದಕ್ಕೆ ಕಳುಹಿಸಿದೆವು. ಅವಳು ಮನೆಗೆ ಹೋಗಲಿಲ್ಲ. ಹಿಡಿ ಅಕ್ಕಿಯಿಂದಲೇ ಜೀವಿಸುತ್ತಿದ್ದ ಒಬ್ಬ ಮುದಿ ವಿಧವೆಯ ಗುಡಿಸಲಿಗೆ ಹೋದಳು. ಆ ಮುದುಕಿಯು ಏನೂ ಕೇಳದೆ ಚಾಪೆಯ ಅರ್ಧವನ್ನು ಬಿಟ್ಟುಕೊಟ್ಟಳಂತೆ. ಮುಂದಿನ ಭಾನುವಾರ ಗಡಿಗೆಯ ಲೆಕ್ಕ ಬರೆಯುವಾಗ ಆಕೆ, ಈ ಸಾರಿ ನನಗೆ ಎರಡು ಸೇರು ಹೆಚ್ಚು ಬೇಕು ಅಂದಳು. ಯಾಕೆಂದು ನಾವು ಕೇಳಿದೆವು. ಹಸಿವೆ ಹೆಚ್ಚಾಗಿದೆ ಅಂದಳು. ಕೂಡಿದ್ದ ಹೆಂಗಸರೆಲ್ಲರಿಗೂ ಸಂಗತಿ ಗೊತ್ತಿತ್ತೆಂದು ನಾವು ಅವರ ಮುಖಗಳಿಂದ ತಿಳಿದೆವು. ಯಾರೂ ಮಾತಾಡಲಿಲ್ಲ. ಗಡಿಗೆಯ ಹತ್ತಿರ ಕೂತಿದ್ದವಳು ಸೇರನ್ನು ತುಂಬಿಸಿ, ತಲೆಗಟ್ಟಿ, ಎರಡು ಸಾರಿ ಆಕೆಯ ಸೆರಗಿಗೆ ಸುರಿದಳು.