ಸಭೆಯೂ ಪಂಕ್ತಿಭೇದವೂ

ಊಟದ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವಾಗ ಭೇದವೆಣಿಸತಕ್ಕದ್ದಲ್ಲವೆಂಬುದು ಕನ್ನಡನಾಡಿನ ಮನೆಗಳಲ್ಲಿ ಬಹುಕಾಲದಿಂದ ಕೇಳಿಬಂದಿರುವ ಮಾತು. ಒಬ್ಬನ ಎಲೆಗೆ ತುಪ್ಪವನ್ನು ಸುರಿದು, ಪಕ್ಕದವನ ಎಲೆಗೆ ಮಿಳ್ಳೆಯನ್ನು ಮಾತ್ರ ತೋರಿಸಿ ಮುಂದೆ ಹೋದರೆ, ಎರಡನೆಯವನು ಹಸಿದು ಏಳದಿದ್ದರೂ ಅವಮಾನಿತನಾಗಿ ಏಳುತ್ತಾನೆ. ಈ ಮಾತನ್ನು ಆಡಿದವರೆಲ್ಲರೂ ಅದರಂತೆ ನಡೆದರೆಂದು ಹೇಳಲಾಗದು. ಪಂಕ್ತಿಯನ್ನೇ ಎರಡು ಮಾಡಿ, ಒಂದೊಂದರೊಳಗೆ ಭೇದವಿಲ್ಲವೆಂದು ಸಮಾಧಾನ ತಂದುಕೊಂಡವರು ಎಷ್ಟೋ ಮಂದಿ. ಮಾತನ್ನು ಮುರಿಯದೆಯೇ ಅದರಿಂದ ತಪ್ಪಿಸಿಕೊಳ್ಳುವ ಈ ಜಾಣತನವು ಊಟದ ಮನೆಗಷ್ಟೇ ಸೇರಿದುದಲ್ಲ. ಕೆಲವರು ಸಭಾಂಗಣದಲ್ಲಿಯೂ ಕೆಲವರು ಪರದೆಯ ಮೇಲೂ ಕೂಡುವ ಈಗಿನ ವಿದ್ವತ್ಸಭೆಗಳಲ್ಲಿ ಅದು ಹೊಸ ವೇಷದಿಂದ ಕಾಣಿಸಿಕೊಂಡಿದೆ.

ಹೈಬ್ರಿಡ್ ಸಮ್ಮೇಳನವೆಂದು ಕರೆಯಿಸಿಕೊಳ್ಳುವ ಈ ಮಿಶ್ರಸಭೆಗೆ ಬೆಂಗಳೂರಿನ ಉತ್ತರ ಭಾಗವು ಚೆನ್ನಾಗಿ ಪರಿಚಿತವಾದ ನೆಲ. 1996ರಿಂದ ಯಲಹಂಕದ ವಾಯುಸೇನಾ ನೆಲೆಯಲ್ಲಿ ನೆರೆಯುತ್ತ ಬಂದ ವೈಮಾನಿಕ ಪ್ರದರ್ಶನವು 2019ರಲ್ಲಿ ಐದು ದಿನ ನಡೆದಿತ್ತು. ಕೋವಿಡ್ ಪಿಡುಗಿನ ನಡುವೆ, 2021ರ ಫೆಬ್ರುವರಿ 3ರಿಂದ 5ರವರೆಗೆ, ಅದು ಮೂರು ದಿನಕ್ಕೆ ಇಳಿದು, ಮಳಿಗೆಗಳನ್ನೂ ಗೋಷ್ಠಿಗಳನ್ನೂ ಅಂತರ್ಜಾಲದಲ್ಲಿಯೂ ತೆರೆದಿಟ್ಟಿತು. ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 2020ರ ನವೆಂಬರಿನ ಕೃಷಿಮೇಳವು ಬರತಕ್ಕವರ ಸಂಖ್ಯೆಯನ್ನು ಮಿತಗೊಳಿಸಿಕೊಂಡು, ಉಳಿದವರಿಗೆ ದೂರದಿಂದ ನೋಡುವ ಏರ್ಪಾಡು ಮಾಡಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 2007ರಲ್ಲಿ ಹುಟ್ಟಿ, ಈಗ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದ ಉಪನ್ಯಾಸಗಳನ್ನು ಎಲ್ಲಿಯ ವಿದ್ಯಾರ್ಥಿಯಾದರೂ ಯೂಟ್ಯೂಬಿನಲ್ಲಿ ಕೇಳಬಹುದು. ಪಿಡುಗು ಇಳಿದ ಮೇಲೂ ಪದ್ಧತಿ ಉಳಿದುಕೊಂಡಿತು. ಅನಿವಾರ್ಯವಾಗಿ ಬಂದದ್ದು ಅನುಕೂಲವಾಗಿ ನಿಂತಿತು.

ಹೀಗಿರಲು ಒಂದು ಪ್ರಶ್ನೆ ಏಳುತ್ತದೆ: ದೂರದಲ್ಲಿ ಕುಳಿತು ಸಭೆಗೆ ಸೇರಿದವನು ಆ ಸಭೆಯಲ್ಲಿ ಇದ್ದಾನೆಯೇ, ಇಲ್ಲವೇ? ಕಾನೂನು ತನ್ನ ಮಟ್ಟಿಗೆ ಇದನ್ನು ತೀರ್ಮಾನಿಸಿದೆ. 2013ರ ಕಂಪೆನಿಗಳ ಅಧಿನಿಯಮವು ನಿರ್ದೇಶಕ ಮಂಡಲಿಯ ಸಭೆಗೆ ವೀಡಿಯೊ ಮೂಲಕ ಸೇರಿದವರನ್ನೂ ಕೋರಂಗೆ ಲೆಕ್ಕ ಹಿಡಿಯುತ್ತದೆ. ಆದರೆ ಲೆಕ್ಕಕ್ಕೆ ಸಿಕ್ಕವರೆಲ್ಲರೂ ಮನ್ನಣೆಗೆ ಸಿಕ್ಕವರಲ್ಲ. ಎಣಿಕೆ ಕಾನೂನಿನ ಕೆಲಸ, ಆದರ ಧರ್ಮದ ಕೆಲಸ.

ದೇಹ ಎಲ್ಲಿದೆಯೋ ಅಲ್ಲಿಯೇ ಮನುಷ್ಯನ ಇರವು ಎಂಬುದು ಮೊದಲಿಗೆ ತೋರುವ ಉತ್ತರ. ಮಹಾಭಾರತವನ್ನು ಬಲ್ಲವರಿಗೆ ಈ ಉತ್ತರ ಸಾಲದು. ದ್ಯೂತಸಭೆಯಲ್ಲಿ ದ್ರೌಪದಿಯು ತನ್ನ ಪ್ರಶ್ನೆಯನ್ನು ಮುಂದಿಟ್ಟಾಗ ಕುರುವೃದ್ಧರೆಲ್ಲರೂ ತಮ್ಮ ತಮ್ಮ ಪೀಠಗಳಲ್ಲಿಯೇ ಇದ್ದರು. ಭೀಷ್ಮನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ನಿರ್ಣಯಕ್ಕೆ ಬಾರದೆ ಉಳಿದನು. ಕೌರವರಲ್ಲಿ ಕಿರಿಯನಾದ ವಿಕರ್ಣನು ಬಾಯಿ ತೆರೆಯಬೇಕಾಯಿತು. ಅತ್ತ ಯುದ್ಧಕಾಲದಲ್ಲಿ ಧೃತರಾಷ್ಟ್ರನು ರಣರಂಗದಿಂದ ದೂರದಲ್ಲಿ ಕುಳಿತು, ಸಂಜಯನ ಬಾಯಿಂದ ಎಲ್ಲವನ್ನೂ ಕೇಳಿದನು. ನಡೆದುದರಲ್ಲಿ ಒಂದು ಬಾಣವನ್ನೂ ಹಿಂದಕ್ಕೆ ತಿರುಗಿಸಲು ಆ ಕೇಳುವಿಕೆಯಿಂದ ಆಗಲಿಲ್ಲ. ಮೊದಲಿನವರು ಹತ್ತಿರವಿದ್ದೂ ಇರಲಿಲ್ಲ. ಎರಡನೆಯವನಿಗೆ ಸುದ್ದಿ ಮುಟ್ಟಿತೇ ಹೊರತು ಪಾಲು ಮುಟ್ಟಲಿಲ್ಲ. ಆದುದರಿಂದ ಸಭೆಯಲ್ಲಿ ಇರುವುದೆಂದರೆ ಕಣ್ಣಿಗೆ ಬೀಳುವುದೂ ಅಲ್ಲ, ಕಿವಿಗೆ ಬೀಳಿಸಿಕೊಳ್ಳುವುದೂ ಅಲ್ಲ. ಪ್ರಶ್ನಿಸುವ ಅಧಿಕಾರವನ್ನೂ ಉತ್ತರಿಸುವ ಹೊಣೆಯನ್ನೂ ಹೊತ್ತಿರುವುದು.

ಕನ್ನಡ ಭಾಷೆ ಈ ತತ್ತ್ವವನ್ನು ಒಂದೇ ಧಾತುವಿನಲ್ಲಿ ಅಡಗಿಸಿಟ್ಟಿದೆ. ‘ಕೇಳು’ ಎಂದರೆ ಆಲಿಸು ಎಂದೂ ಆಗುತ್ತದೆ, ಪ್ರಶ್ನಿಸು ಎಂದೂ ಆಗುತ್ತದೆ. 1915ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಾಹಿತ್ಯ ಸಮ್ಮೇಳನ ಸೇರಿದಾಗ ಬರಲಾರದವನು ಅಧ್ಯಕ್ಷಭಾಷಣವನ್ನು ಮುಂದೆ ಅಚ್ಚಿನಲ್ಲಿ ಓದಬೇಕಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಆರಂಭವಾದ ಮೇಲೆ ದೂರದವನು ಮಾತನ್ನು ಆಡಿದ ಗಳಿಗೆಯಲ್ಲಿಯೇ ಆಲಿಸಬಲ್ಲವನಾದನು. ಆದರೂ ಎದ್ದು ನಿಂತು ಪ್ರಶ್ನಿಸಲಾರನು. ಆಗ ಅವನಿಗೆ ಉತ್ತರ ಕೊಡಲಿಲ್ಲವೆಂದು ಯಾರನ್ನೂ ದೂರುವಂತಿರಲಿಲ್ಲ. ಈಗಿನ ಉಪಕರಣಗಳು ‘ಕೇಳು’ ಎಂಬ ಮಾತಿನ ಎರಡನೆಯ ಅರ್ಥವನ್ನೂ ದೂರದವನಿಗೆ ತಂದುಕೊಟ್ಟಿವೆ. ಶಕ್ತಿ ಬಂದೊಡನೆ ಹೊಣೆಯೂ ಬರುತ್ತದೆ. ಕೊಡಲಾಗದುದನ್ನು ಕೊಡದಿರುವುದು ದೋಷವಲ್ಲ. ಕೊಡಬಲ್ಲವನಾಗಿ ಕೊಡದಿರುವುದೇ ದೋಷ.

ಬೀದರಿನ ಕಾಲೇಜೊಂದರ ಅಧ್ಯಾಪಿಕೆಯನ್ನು ಊಹಿಸಬಹುದು. ಸುಮಾರು 700 ಕಿಲೋಮೀಟರು ರೈಲಿನಲ್ಲಿ ಬಂದು, ಯಶವಂತಪುರದಲ್ಲಿ ಇಳಿದು ಸಭೆಗೆ ಹೋಗಲು ಆಕೆಗೆ ರಜವೂ ಇಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಇನ್ನೊಬ್ಬರೂ ಇಲ್ಲ. ಶುಲ್ಕ ಕಟ್ಟಿ, ಜೂಮ್ ಮೂಲಕ ಸೇರುತ್ತಾಳೆ. ಸಭಾಂಗಣದಲ್ಲಿ ಒಬ್ಬರು ಮೈಕಿಲ್ಲದೆ ಪ್ರಶ್ನೆ ಕೇಳುತ್ತಾರೆ, ಎದುರಿಗಿದ್ದವರು ನಗುತ್ತಾರೆ, ಆಕೆಗೆ ನಗುವಷ್ಟೇ ಕೇಳಿಸುತ್ತದೆ. ಉಪನ್ಯಾಸಕರು ಕೋಲಿನಿಂದ ಗೋಡೆಯ ಚಿತ್ರವನ್ನು ತೋರಿಸುತ್ತಾರೆ. ಕೋಲು ಕ್ಯಾಮೆರಾಕ್ಕೆ ಬೀಳುವುದಿಲ್ಲ. ಆಕೆ ಬರೆದು ಕಳುಹಿದ ಪ್ರಶ್ನೆಯನ್ನು, ವೇಳೆಯಾಯಿತೆಂದು ಯಾರೂ ಓದುವುದಿಲ್ಲ. ಇಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಆದರೂ ಆಕೆಯ ಎಲೆ ಬರಿದಾಗಿಯೇ ಉಳಿಯಿತು.

ಇದು ಬರಿಯ ಅಜಾಗರೂಕತೆಯಿಂದ ಆಗುವುದಲ್ಲ. ಸಾಧನದ ಸ್ವಭಾವದಲ್ಲಿಯೇ ಇದಕ್ಕೆ ಕಾರಣವುಂಟು. ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದು 2009ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪ್ರಶ್ನೆಗೂ ಉತ್ತರಕ್ಕೂ ನಡುವಣ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಧ್ವನಿಯು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ವಿಳಂಬವು 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದೆಂಬುದು ದೂರಸಂಪರ್ಕದ ಅಂತರರಾಷ್ಟ್ರೀಯ ಒಕ್ಕೂಟದ ಸಲಹೆ. ವಿಳಂಬವು ಇದನ್ನು ಮೀರಿದರೆ, ಸಭಾಂಗಣದಲ್ಲಿ ಮೌನವಾಯಿತೆಂದು ದೂರದವಳು ಅರಿಯುವಷ್ಟರಲ್ಲಿ ಆ ಮೌನವನ್ನು ಹತ್ತಿರದವನು ತುಂಬಿರುತ್ತಾನೆ. ತಾನಾಗಿ ಸಂದಿ ಹುಡುಕಿ ಮಾತನಾಡೆಂದು ಆಕೆಗೆ ಹೇಳುವುದು, ಹಿಂದೆ ಕುಳಿತ ಮಗುವಿಗೆ ಎಟುಕಿದರೆ ತೆಗೆದುಕೊಳ್ಳೆಂದು ಪಾತ್ರೆಯನ್ನು ತೋರಿಸಿದಂತೆ.

ಆದಕಾರಣ ಕರೆದವರ ಕರ್ತವ್ಯ ಸ್ಪಷ್ಟವಾಗಿದೆ. ಅಧ್ಯಕ್ಷರು ಸರದಿಯನ್ನು ತಾವೇ ಹಂಚಬೇಕು. ಸಭಾಂಗಣದಿಂದ ಒಂದು ಪ್ರಶ್ನೆ ಬಂದರೆ ದೂರದಿಂದ ಒಂದು ಬರಬೇಕು. ಮೈಕಿಲ್ಲದೆ ಆಡಿದ ಮಾತನ್ನು ಆಡಿಲ್ಲವೆಂದೇ ತಿಳಿದು, ಮತ್ತೆ ಆಡಿಸಬೇಕು. ಬರೆದ ಪ್ರಶ್ನೆಗಳನ್ನು ಓದಿ ಮುಂದಿಡಲು ಒಬ್ಬರನ್ನು ನೇಮಿಸಿ, ಅವರಿಗೆ ಅಧ್ಯಕ್ಷರನ್ನೇ ತಡೆಯುವ ಅಧಿಕಾರ ಕೊಡಬೇಕು. ಇವು ಸಣ್ಣ ಕೆಲಸಗಳು. ಬಡಿಸುವ ಕೈಯ ಧರ್ಮವೂ ಸಣ್ಣ ಕೆಲಸಗಳಲ್ಲಿಯೇ ಇರುವುದು.

ಕಷ್ಟಪಟ್ಟು ಬಂದವರ ಸಭೆಯನ್ನು ಬಾರದವರಿಗಾಗಿ ನಿಧಾನ ಮಾಡುವುದು ನ್ಯಾಯವೇ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಬಂದವರಿಗೆ ಸಿಕ್ಕುವ ಹಲವು ಲಾಭಗಳನ್ನು ದೂರಕ್ಕೆ ಕಳುಹಿಸಲಾಗದು: ಕಾಫಿಯ ಹೊತ್ತಿನ ಸ್ನೇಹ, ಕೃಷಿಮೇಳದಲ್ಲಿ ರಾಗಿಯ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಕಾಳನ್ನು ನೋಡುವ ರೈತನ ತೃಪ್ತಿ. ಅವು ಅವರಿಗೆ ಸಲ್ಲಲಿ. ಅದು ಪಂಕ್ತಿಭೇದವಲ್ಲ, ಪ್ರಯಾಣದ ಫಲ. ಆದರೆ ಪ್ರಶ್ನೆಯೂ ಉತ್ತರವೂ ಪ್ರಯಾಣದ ಫಲಗಳಲ್ಲ. ಅವು ಸಭೆಯ ಅನ್ನ. ಕರೆದು, ಶುಲ್ಕ ಪಡೆದು, ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡ ಮೇಲೆ ಅದನ್ನು ಬಡಿಸದಿರಲಾಗದು. ಬಡಿಸಲಾಗದಿದ್ದರೆ ಕೇವಲ ಪ್ರಸಾರವೆಂದು ಮೊದಲೇ ಸಾರುವುದು ಪ್ರಾಮಾಣಿಕತೆ.

ದೂರದವರ ಹೊಣೆಯನ್ನೂ ಮರೆಯತಕ್ಕದ್ದಲ್ಲ. ಹೆಸರನ್ನು ಪರದೆಯ ಮೇಲೆ ನಿಲ್ಲಿಸಿ, ಚಿತ್ರವನ್ನೂ ಧ್ವನಿಯನ್ನೂ ಮುಚ್ಚಿ, ಪೇಟೆಗೆ ಹೋಗಿಬಂದು ಪ್ರಮಾಣಪತ್ರ ಪಡೆಯುವವನು ಕುರುಸಭೆಯ ಮೌನಿಗಳ ಸಾಲಿಗೆ ಸೇರಿದವನು. ಆರ್ತೆಯಾದ ಗೃಹಿಣಿಗೆ ಚಿತ್ರ ಮುಚ್ಚಲು ಕಾರಣವಿರಬಹುದು. ಕರೆದಾಗ ಓಗೊಡದಿರಲು ಯಾರಿಗೂ ಕಾರಣವಿಲ್ಲ.

ಇದರಲ್ಲಿ ಪಣವಾಗಿರುವುದು ಒಂದು ದಿನದ ಗೋಷ್ಠಿಯಲ್ಲ. ಹಣವೂ ಬಿಡುವೂ ಆರೋಗ್ಯವೂ ಇದ್ದವರು ಒಳಗೆ ಕುಳಿತು ಮಾತನಾಡುತ್ತ, ಇಲ್ಲದವರು ಹೊರಗಿನಿಂದ ಆಲಿಸುತ್ತ ಹೋದರೆ, ಬಾಗಿಲು ತೆರೆದಿದೆಯೆಂಬ ಹೆಮ್ಮೆಯ ಕೆಳಗೆ ವಿದ್ಯೆಯ ಮನೆಯಲ್ಲಿ ಮತ್ತೆ ಎರಡು ಪಂಕ್ತಿಗಳು ಏರ್ಪಡುತ್ತವೆ; ಒಂದರಲ್ಲಿ ಕೇಳುವವರು ಪ್ರಶ್ನಿಸುವವರು, ಇನ್ನೊಂದರಲ್ಲಿ ಕೇಳುವವರು ಆಲಿಸುವವರು ಮಾತ್ರ. ಮನೆಯ ಯಜಮಾನನು ಕೊನೆಯ ಎಲೆಯವರೆಗೆ ನಡೆದುಹೋಗಿ, ಇನ್ನೇನು ಬೇಕೆಂದು ವಿಚಾರಿಸಿದ ಮೇಲೆಯೇ ತನ್ನ ಎಲೆಯ ಮುಂದೆ ಕೂರುವುದು ಹಿಂದಿನ ಮರ್ಯಾದೆ. ಸಭೆಯನ್ನು ಮುಗಿಸುವ ಮುನ್ನ ಪರದೆಯ ಕಡೆಗೆ ತಿರುಗಿ ಅಷ್ಟನ್ನು ಕೇಳುವ ಅಧ್ಯಕ್ಷನು ಆ ಮರ್ಯಾದೆಯನ್ನು ಉಳಿಸಿದವನಾಗುತ್ತಾನೆ.