ತಾರತಮ್ಯವೂ ಕಛೇರಿಯ ಶ್ರೇಣಿಯೂ

ತಾರತಮ್ಯವು ನಮ್ಮ ಸಿದ್ಧಾಂತಕ್ಕೆ ಪ್ರಾಣಭೂತವಾದ ಪ್ರಮೇಯ. ಈಚೆಗೆ ನಮ್ಮ ಮನೆಗಳ ತರುಣರು ಅದನ್ನೇ ಹಿಡಿದು ಒಂದು ಪ್ರಶ್ನೆ ಕೇಳುತ್ತಾರೆ. “ಕಂಪೆನಿಯಲ್ಲಿಯೂ ಮೇಲು ಕೀಳೆಂದು ಶ್ರೇಣಿ ಹಾಕುತ್ತಾರೆ, ಕೊನೆಯಲ್ಲಿ ನಿಂತವನನ್ನು ಹೊರಗೆ ಕಳುಹಿಸುತ್ತಾರೆ. ತಾರತಮ್ಯವನ್ನು ಒಪ್ಪುವವರು ಇದನ್ನೂ ಒಪ್ಪಬೇಕಲ್ಲವೇ?” ಪ್ರಶ್ನೆ ಹಗುರವಾದುದಲ್ಲ. ಕೇಳುವವನ ಮುಖದಲ್ಲಿ ನಿದ್ರೆಗೆಟ್ಟ ಆಯಾಸವಿರುತ್ತದೆ.

ಮೊದಲು ಆ ಶ್ರೇಣಿಯ ಬಗೆಯನ್ನು ತಿಳಿಯೋಣ. ಅಮೆರಿಕೆಯ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ಬಹುಕಾಲ ಒಂದು ಪದ್ಧತಿ ಇತ್ತು. ಉತ್ತಮರು ಇಷ್ಟು ಪಾಲು, ಅಧಮರು ಇಷ್ಟು ಪಾಲು ಎಂದು ಮೊದಲೇ ಗೊತ್ತುಮಾಡಿ, ಬಳಿಕ ಹೆಸರುಗಳನ್ನು ತುಂಬುತ್ತಿದ್ದರು. ಎಲ್ಲರೂ ನಿಷ್ಠೆಯಿಂದ ದುಡಿದಿದ್ದರೂ ಯಾರಾದರೊಬ್ಬನು ಅಧಮನಾಗಲೇಬೇಕು. ಪಕ್ಕದವನಿಗೆ ನೆರವಾದರೆ ತನಗೇ ಹಾನಿಯೆಂಬ ಭಾವ ಬೆಳೆಯಿತು. 2013ರ ನವೆಂಬರಿನಲ್ಲಿ ಆ ಸಂಸ್ಥೆಯೇ ಅದನ್ನು ಕೈಬಿಟ್ಟಿತು. ಆದರೆ ಆ ಬುದ್ಧಿ ಲೋಕದಿಂದ ಹೋಗಲಿಲ್ಲ. 2025ರ ಆರಂಭದಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಸಂಸ್ಥೆ ತನ್ನವರಲ್ಲಿ ಸುಮಾರು ಶೇಕಡಾ 5 ಮಂದಿಯನ್ನು, ಕೆಲಸದಲ್ಲಿ ಹಿಂದುಳಿದವರೆಂಬ ಹಣೆಪಟ್ಟಿ ಕಟ್ಟಿಯೇ ಕಳುಹಿಸಿತು.

ಈಗ ಶ್ರೀಮದಾಚಾರ್ಯರು ಸಾರಿದ ತಾರತಮ್ಯವನ್ನು ನೋಡಿರಿ. ಅದು ಜೀವರ ಸ್ವರೂಪಯೋಗ್ಯತೆಯನ್ನು ಅನುಸರಿಸಿದ್ದು; ಆ ಯೋಗ್ಯತೆಯನ್ನು ಪೂರ್ಣವಾಗಿ ಬಲ್ಲವನು ಶ್ರೀಹರಿಯೊಬ್ಬನೇ. ಮುಕ್ತಿಯಲ್ಲಿ ಕೊಡವೂ ತುಂಬಿರುತ್ತದೆ, ತಂಬಿಗೆಯೂ ತುಂಬಿರುತ್ತದೆ. ತಂಬಿಗೆ ಚಿಕ್ಕದೆಂದು ಅದನ್ನು ಬರಿದುಮಾಡಿ ಕೊಡಕ್ಕೆ ಸುರಿಯುವುದಿಲ್ಲ. ಮಾತ್ಸರ್ಯಕ್ಕೆ ಅಲ್ಲಿ ಎಡೆಯಿಲ್ಲ. ತಮೋಯೋಗ್ಯರ ಮಾತು ಶಾಸ್ತ್ರದಲ್ಲಿಲ್ಲವೇ ಎಂದು ಬಲ್ಲವರು ಕೇಳಬಹುದು. ಉಂಟು. ಆದರೆ ಆ ಗತಿ ಅವರವರ ಸ್ವಭಾವದಿಂದಲೇ ಹೊರತು ನೂರಕ್ಕೆ ಇಷ್ಟೆಂಬ ಲೆಕ್ಕ ತುಂಬಿಸುವುದಕ್ಕಲ್ಲ. ಭಗವಂತನಲ್ಲಿ ಪಕ್ಷಪಾತವೂ ನಿರ್ದಯತೆಯೂ ಇಲ್ಲವೆಂದು ಬ್ರಹ್ಮಸೂತ್ರವು ನಿರ್ಣಯಿಸಿದೆ. ಕಛೇರಿಯ ಪಟ್ಟಿಗೆ ತಾರತಮ್ಯವೆಂಬ ಹೆಸರಿಡುವುದೇ ಅಪಚಾರವೆಂದು ನಾವು ತಿಳಿಯುತ್ತೇವೆ.

ಇನ್ನು ಒಡೆಯನ ಧರ್ಮ. ಸಭಾಪರ್ವದಲ್ಲಿ ನಾರದರು ಧರ್ಮರಾಜನಿಗೆ ಹಾಕಿದ ಪ್ರಶ್ನೆಗಳಲ್ಲಿ ಒಂದು ಇದು: ನಿನ್ನ ಹಿತವನ್ನೇ ಬಯಸುವ ಅನುಭವಿಗಳನ್ನು, ಮೊದಲು ದೋಷವನ್ನು ಕಾಣದೆ, ಕೆಲಸದಿಂದ ತೆಗೆಯುತ್ತಿಲ್ಲವಷ್ಟೇ? ಆಪಸ್ತಂಬ ಧರ್ಮಸೂತ್ರವಂತೂ, ಗೃಹಸ್ಥನು ತನಗೂ ಹೆಂಡತಿಮಕ್ಕಳಿಗೂ ಬೇಕಾದರೆ ಕಡಿಮೆ ಮಾಡಲಿ, ದುಡಿಯುವ ಆಳಿಗೆ ಮಾತ್ರ ಕಡಿಮೆ ಮಾಡಕೂಡದೆಂದು ವಿಧಿಸುತ್ತದೆ. 2023ರ ಜನವರಿಯಲ್ಲಿ ಗೂಗಲ್ಲಿನ ಮಾತೃಸಂಸ್ಥೆ 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಬೇರೊಂದು ಆರ್ಥಿಕ ಸ್ಥಿತಿಯನ್ನು ನಂಬಿ ಜನರನ್ನು ಸೇರಿಸಿಕೊಂಡೆವೆಂದು ಅದರ ಮುಖ್ಯಸ್ಥರೇ ಒಪ್ಪಿಕೊಂಡರು. ಲೆಕ್ಕ ತಪ್ಪಿದ್ದು ಮೇಲಿನವರದು. ಅಮೆರಿಕೆಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಸುದ್ದಿ ಮುಟ್ಟಿದ್ದು ಒಂದು ಇ-ಮೇಲಿನಿಂದ. ಎದುರು ಕುಳ್ಳಿರಿಸಿಕೊಂಡು ಹೇಳುವ ಮರ್ಯಾದೆಯೂ ಉಳಿಯಲಿಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ಹೆಸರಾದ ಮಾತುಂಟು. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರು ಹೇಳಿದರು. ಗೀತೆಯ ನಿಷ್ಕಾಮಕರ್ಮವೂ ಇದೇ ಎಂದು ಯಾರೂ ಭಾವಿಸಬೇಕಾಗಿಲ್ಲ. ಫಲಾಪೇಕ್ಷೆಯನ್ನು ತಾನು ಬಿಡುವುದು ಸಾಧನೆ. ಇನ್ನೊಬ್ಬನಿಂದ ಬಿಡಿಸುವುದು ಯಾವ ಯೋಗವೂ ಅಲ್ಲ. ಆರನೆಯ ಅಧ್ಯಾಯದಲ್ಲಿ ಆಹಾರ, ವಿಹಾರ, ಕರ್ಮ, ನಿದ್ರೆಗಳೆಲ್ಲಕ್ಕೂ ಹದವನ್ನು ಹೇಳಿದೆ. ಸಂಧ್ಯಾವಂದನೆಗೆ ಹತ್ತು ನಿಮಿಷ ಸಿಗದ ದಿನಚರಿಯನ್ನು ಕರ್ಮಯೋಗವೆನ್ನಲು ನಮಗೆ ನಾಲಗೆ ಏಳದು.

ಅಮೆರಿಕೆಯಲ್ಲಿ ಎಚ್-1ಬಿ ವೀಸಾದ ಮೇಲಿರುವವನಿಗೆ ಕೆಲಸ ತಪ್ಪಿದರೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಏರ್ಪಾಡಾಗದಿದ್ದರೆ ದೇಶವನ್ನು ಬಿಡಬೇಕು. ಆ ದಿನಗಳಲ್ಲಿ ಮನೆಗೆ ಫೋನು ಮಾಡಲೂ ಹೆದರುವ ಮಕ್ಕಳುಂಟು. “ನಿನ್ನದೇ ಏನೋ ತಪ್ಪಿರಬೇಕು” ಎಂಬ ಮಾತು ತಂದೆತಾಯಿಗಳ ಬಾಯಿಂದ ಬರುವುದೆಂಬ ಹೆದರಿಕೆ ಅದು. ಪಟ್ಟಿ ಬರೆಯುವ ಸ್ಥಾನದಲ್ಲಿಯೂ ನಮ್ಮ ಮಕ್ಕಳೇ ಕೆಲವರಿದ್ದಾರೆ. ನಾರದರ ಪ್ರಶ್ನೆ ಅವರಿಗೂ ಸಲ್ಲುತ್ತದೆ. ಪ್ರವಚನವು ಮುಗಿದ ಬಳಿಕ ನಾವು ಪ್ರಾಕಾರದಲ್ಲಿಯೇ ಇರುತ್ತೇವೆ. ಎರಡೂ ಕಡೆಯವರು ಬಂದು ಮಾತನಾಡಬಹುದು.

ಶ್ರೀಕೃಷ್ಣಾರ್ಪಣಮಸ್ತು